ಏ ಆಯಿ

“ಏ ಆಯಿ! ನೀರಿನ ಫಿಲ್ಟರ್ ಮುಟ್ಟಿದಿ ಅಂದ್ರ ಕೈ ಮುರೀತೀನಿ, ರಂಡಿ. ದೂರ ನಿಂದ್ರು, ಯಾರರ ಹಾಕ್ತಾರ.”

ಕಾಲೇಜಿನ ಅಧ್ಯಕ್ಷ ಶರಣಕುಮಾರ ಗದರಿದ ಹೊಡೆತಕ್ಕೆ ಪಕೀರಮ್ಮ ಕಸಬರಿಗೆ ಸಮೇತ ಹಿಂದೆ ಸರಿದಳು. ಮುಂಜಾನೆಯಿಂದ ಸಭಾಭವನ ಗುಡಿಸಿದ ಧೂಳೆಲ್ಲ ಗಂಟಲಲ್ಲೇ ಕೂತಿತ್ತು. ಜವಾನ ಮೇಲಿನಿಂದ ನೀರು ಸುರಿದರೆ ಬೊಗಸೆಯೊಡ್ಡಿ ಕುಡಿಯಬೇಕು. ಈ ಹೊತ್ತು ಅವನೂ ಬ್ಯಾನರ್ ಕಟ್ಟುವುದರಲ್ಲಿದ್ದ.

ಹುಡುಗರು ಕ್ಲಾಸು ಬಿಟ್ಟು ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲೇ ಪದವಿ ಮುಗಿಸುವ ಹಾಗಿದ್ದರು. ಅವರನ್ನು ಸೆಳೆಯಲು ಅಧ್ಯಕ್ಷನಿಗೆ ಹೊಳೆದದ್ದು ಎಐ: ತೀರಿಹೋದ ತನ್ನಪ್ಪ ಅಮರಪ್ಪ ಧಣಿ ಪರದೆಯ ಮೇಲೆ ಬಂದು ಮಾತಾಡಬೇಕು. ಮೇಷ್ಟ್ರಿಗೆ ಬಟನ್ನು ತಿಳಿಯದೆ ಕೆಲಸವೆಲ್ಲ ಪಕೀರಮ್ಮನ ಮೊಮ್ಮಗಳು, ಬಿ.ಎ. ಓದುವ ಗಂಗಾಳ ಕೊರಳಿಗೆ ಬಿತ್ತು. ಅಧ್ಯಕ್ಷನ ಕೆಮ್ಮನ್ನೂ ಅವನ ಜೀಪಿನ ಹಾರನ್ನನ್ನೂ ಅಣಕಿಸುವ ಹುಡುಗಿ. ಧಣಿಗೆ ದನಿ ಕೊಟ್ಟವಳೂ ಅವಳೇ. ಮಷಿನ್ನು ಅದನ್ನು ಗಂಡಸಾಗಿಸಿತ್ತು, ಅಷ್ಟೇ.

ಅವತ್ತು ಎಲ್ಲರ ಬಾಯಲ್ಲೂ ಎಐ, ಎಐ. ಪ್ರತಿ ಸಲವೂ ತನ್ನನ್ನೇ ಕರೆದರೆಂದು ಪಕೀರಮ್ಮ ತಿರುಗಿ ನೋಡುತ್ತಿದ್ದಳು.

“ನಿನಗಲ್ಲಬೇ ಆಯಿ, ಅದು ಮಷಿನ್,” ಗಂಗಾ ನಕ್ಕಳು. “ನಾವು ಬರದದ್ದನ್ನ ಸತ್ತವ್ರ ಬಾಯಾಗ ಆಡಿಸ್ತೈತಿ.”

“ಬದುಕಿದ್ದವ್ರ ಬಾಯಿ ಬಂದ್ ಮಾಡ್ತೈತೇನು?”

“ಇವತ್ತ ನೋಡೂಣಂತ.”

ಭವನ ತುಂಬಿತು. ಪರದೆಯ ಮೇಲೆ ಧಣಿ ಕಣ್ಣು ಪಿಳುಕಿಸಿದ. ಗದ್ಗದಿತನಾದ ಶರಣಕುಮಾರ ಪಾದ ಮುಟ್ಟಲು ಬಾಗಿದರೆ, ವಿಡಿಯೋದಲ್ಲಿ ಅಪ್ಪನಿಗೆ ಸೊಂಟದ ಕೆಳಗೆ ಏನೂ ಇರಲಿಲ್ಲ. ಮೇಜಿನ ಕಾಲಿಗೇ ನಮಸ್ಕರಿಸಿ ಎದ್ದ.

“ನಮ್ಮಪ್ಪಾರ ಮಾತು ನನಗ ದೇವ್ರ ಮಾತು! ಎಂದೂ ಮೀರಿಲ್ಲ, ಮೀರಂಗಿಲ್ಲ!”

ಧಣಿ ವಿದ್ಯೆ, ಶಿಸ್ತು ಅಂತೆಲ್ಲ ಒದರಿದ. ಹುಡುಗರು ಆಕಳಿಸಿದರು. ಆಮೇಲೆ ಧಣಿ ಮೀಸೆ ಕುಣಿಸಿದ:

“ಪಕೀರಮ್ಮ ಎಲ್ಲದಾಳ? ಬಾರವ್ವ ಮ್ಯಾಲ. ನೀರಡಿಸಿರಬೇಕು. ನಮ್ಮ ಶರಣ್ಯಾನ ಗ್ಲಾಸ್ ನಿನ್ನ ಕೈಲೇ ಎತ್ತಿ ಕುಡಿ.”

ಎಲ್ಲಿಂದಲೋ ಒಂದು ಸಿಳ್ಳೆ ಬಂತು, ಹಿಂದೆಯೇ ನೂರು. ಗಂಗಾ ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆಯದ ಧಣಿ. ಸತ್ತ ಮೇಲಾದರೂ ಬುದ್ಧಿ ಬಂತಲ್ಲ ಅಂದುಕೊಂಡಳು ಪಕೀರಮ್ಮ. ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು ವೇದಿಕೆ ಹತ್ತಿದಳು.

“ಏ ಆಯಿ! ಇಳಿ ಕೆಳಗ!”

“ಎಐನೇ ಕರದೈತ್ರಿ ಯಪ್ಪಾ. ಮಗ ಆಗಿ ನೀವ ಮೀರಂಗಿಲ್ಲ, ಆಳಾಗಿ ನಾ ಹ್ಯಾಂಗ ಮೀರ್ಲಿ?”

ಮೇಜಿನ ಮೇಲಿದ್ದ ಅವನ ನೀರಿನ ಗ್ಲಾಸಿಗೆ ತುಟಿ ಹಚ್ಚಿಯೇ ಗಟಗಟ ಕುಡಿದಳು. ಅರ್ಧ ಉಳಿಸಿ, ಇದ್ದಲ್ಲೇ ಅವನ ಮುಂದಿಟ್ಟಳು.

ಜವಾನ ಮೈಕನ್ನು ಅಧ್ಯಕ್ಷನ ಕೈಗಿಟ್ಟ. ಅವನು ಬಾಯಿ ತೆರೆದ. ಬಂದದ್ದು ಬರೀ ಕೆಮ್ಮು, ನಿಲ್ಲದ ಒಣ ಕೆಮ್ಮು. ಅವತ್ತು ಒಬ್ಬ ಹುಡುಗನೂ ಎದ್ದು ಹೋಗಲಿಲ್ಲ. ಎಲ್ಲರ ಕಣ್ಣೂ ಆ ಗ್ಲಾಸಿನ ಮೇಲೆ.

“ಕುಡೀರಿ ಯಪ್ಪಾ,” ಅಂದಳು ಪಕೀರಮ್ಮ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. “ಇನ್ನೂ ಐತಲ್ರಿ.”