ಕಾದಂಬರಿಗಳ ಹಿಂದೆ ಕುಳಿತ ತೀರ್ಪು

"ಮೇಡಂ, ಸಿಕ್ತ್ರೀ! ಕಳದ ಹೋಗೇತಿ ಅಂತಿದ್ರಲ್ಲ, ಪತ್ತೇದಾರಿ ಕಾದಂಬರಿ ಹಿಂದ ಕುಂತೇತ್ರೀ!"

ಕಾನೂನು ವಿದ್ಯಾರ್ಥಿನಿ ತೇಜಶ್ರೀ ಕೂಗಿದ ರಭಸಕ್ಕೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಅವಳ ಕೈಯಲ್ಲಿದ್ದದ್ದು ನಾನು, ಹೈಕೋರ್ಟಿನ ಹಳೆಯ ತೀರ್ಪುಗಳ ಒಂದು ಸಂಪುಟ.

ನಾನು ಒಂದೇ ಸಲಕ್ಕೆ ಹುಟ್ಟಿದವನಲ್ಲ. ತಿಂಗಳಿಗೊಂದು ತೆಳ್ಳನೆಯ ಸಂಚಿಕೆಯಾಗಿ ಅಂಚೆಯಲ್ಲಿ ಬಂದೆ. ವರ್ಷ ತುಂಬಿದ ಮೇಲೆ ಬೈಂಡಿನವರು ಹೊಲಿದು ಕೆಂಪು ರಟ್ಟು ತೊಡಿಸಿದರು. ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದ ರೆಫರೆನ್ಸ್ ವಿಭಾಗ ನನ್ನ ಮನೆಯಾಯಿತು. ಅಲ್ಲಿಯ ಪುಸ್ತಕ ಹೊಸ್ತಿಲು ದಾಟುವಂತಿಲ್ಲ. ಬೆರಳಿಗೆ ಎಂಜಲು ಹಚ್ಚಿ ನನ್ನ ಹಾಳೆ ಮಗುಚಿದ ಎಷ್ಟೋ ಮಂದಿ ಮುಂದೆ ಕರಿಕೋಟು ತೊಟ್ಟರು. ನನ್ನೊಳಗೆಲ್ಲ ಕೋರ್ಟಿನದೇ ಮಾತು, ಆದರೆ ಕೋರ್ಟನ್ನು ನಾನು ಕಂಡಿರಲಿಲ್ಲ.

ಇಲ್ಲಿಯ ಹುಡುಗರಿಗೆ ಒಂದು ಚಾಳಿ. ಅಣಕು ನ್ಯಾಯಾಲಯದ ಸ್ಪರ್ಧೆ ಬಂದರೆ, ಎದುರು ತಂಡಕ್ಕೆ ಸಿಗದಂತೆ ಪುಸ್ತಕವನ್ನು ಬೇರೆ ಕಪಾಟಿನಲ್ಲಿ ಬಚ್ಚಿಡುತ್ತಾರೆ. ವಿನಾಯಕ ಎಂಬವನು ನನ್ನನ್ನು ಮೂಲೆಯ ಕಪಾಟಿನ ಪತ್ತೇದಾರಿ ಕಾದಂಬರಿಗಳ ಹಿಂದೆ ತಳ್ಳಿದ. ಸ್ಪರ್ಧೆ ಗೆದ್ದ, ಫೋಟೋ ತೆಗೆಸಿಕೊಂಡ, ನನ್ನನ್ನು ಮರೆತ. ಆಮೇಲೆ ಕಂಪ್ಯೂಟರ್ ಬಂತು. ನನ್ನನ್ನು ಕೇಳುವವರೇ ಇಲ್ಲವಾದರು.

ಕಡೆಗೆ ನಾನು ಬೇಕಾದದ್ದು ರಾಬಿಯಾಬಿಗೆ. ಮಾರುಕಟ್ಟೆಯ ಬದಿಯಲ್ಲಿ ಬಳೆ ಮಾರುತ್ತಿದ್ದ ಅವಳನ್ನು ನಗರಸಭೆಯವರು ಹೇಳದೆ ಕೇಳದೆ ಜಾಗದಿಂದ ಎಬ್ಬಿಸಿದ್ದರು. ವಿಶ್ವವಿದ್ಯಾಲಯದ ಉಚಿತ ಕಾನೂನು ನೆರವು ಕೇಂದ್ರ ಅವಳ ಕೇಸು ಹಿಡಿದಿತ್ತು, ಅದರ ತಯಾರಿ ತೇಜಶ್ರೀಯದು. ಅಂಥದೇ ಒಂದು ತೀರ್ಪು ನನ್ನಲ್ಲಿತ್ತು. ಕಂಪ್ಯೂಟರಿನ ಪ್ರತಿಯಲ್ಲಿ ಪುಟದ ಕೊನೆಯ ಸಾಲುಗಳೇ ಕತ್ತರಿಸಿಹೋಗಿದ್ದವು. ನಾಳೆಯೇ ವಿಚಾರಣೆ. ಹುಡುಕಿ ಸೋತ ತೇಜಶ್ರೀ ಬೇಜಾರಿಗೆ ಒಂದು ಕಾದಂಬರಿ ಎಳೆದಳು. ಹಿಂದೆ ನನ್ನ ಕೆಂಪು ಬೆನ್ನು ಕಂಡಿತು.

ಗ್ರಂಥಪಾಲಕಿ ಇಂಗಳಗಿ ಮೇಡಂ ಆ ಪುಟ ತೆರೆದರು. ಸಾಲುಗಳು ಹಾಗೇ ಇದ್ದವು: ನೋಟಿಸು ಕೊಡದೆ ಎಬ್ಬಿಸುವಂತಿಲ್ಲ.

"ಇಷ್ಟ ಸಾಕೇನ ಬೇಟಾ?" ಬೆಂಚಿನ ಮೇಲಿದ್ದ ರಾಬಿಯಾಬಿ ಕೇಳಿದಳು.

"ಭಾಳ ಆತು ಚಾಚಿ! ಇನ್ನ ಚಾ ಕುಡಸ್ರಿ!"

ರಾಬಿಯಾಬಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಬಳೆಗಳು ಗಲಗಲ ಅಂದವು. ನನ್ನ ಹೊಲಿಗೆಗಳೂ ಸಡಿಲಾದಂತೆ ಹಗುರವೆನಿಸಿತು.

"ಫೋಟೋ ಹೊಡಕೋತೀನ್ರೀ," ತೇಜಶ್ರೀ ಫೋನು ತೆಗೆದಳು.

"ನಿನ್ನ ಫೋನ್ ಜಡ್ಜ್ ಸಾಹೇಬ್ರು ಓದ್ತಾರೇನ? ಪುಸ್ತಕಾನ ಒಯ್ಯೂಣು. ಆದ್ರ ನಿನ್ನ ಕೈಯಾಗ ಕೊಡಂಗಿಲ್ಲ. ನಾನ ಹಿಡಕೊಂಡ ಬರ್ತೀನಿ." ಮೇಡಂ ನನ್ನ ಧೂಳು ಕೊಡವಿ ಎದೆಗೊತ್ತಿಕೊಂಡರು. "ನಾಳೆ ಹತ್ತಕ್ಕ ಕೋರ್ಟಿನ ಗೇಟಿನ್ಯಾಗ ಸಿಗ್ರಿ, ಇಬ್ರೂ."