ಮಧ್ವರಾಜರ ವೆಬಿನಾರ್

"ಬೆಸುಗೆ ಹಾಕುವ ಮೊದಲು ನಾವು ನೋಡಬೇಕಾದದ್ದು..." ಎಂದು ತಮಿಳಿನಲ್ಲಿ ಹೇಳುತ್ತಿದ್ದ ಮಧ್ವರಾಜರು ಅಲ್ಲಿಗೇ ನಿಂತುಬಿಟ್ಟರು.

ಮುಂದಿನ ಮಾತಿಗಾಗಿ ಸುಮತಿ ಕಾದಳು. ವೇಲಚೇರಿಯ ತನ್ನ ಫ್ಲಾಟಿನಲ್ಲಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಪರದೆಯ ಒಂದು ಕಡೆ ಬೆಸುಗೆಯ ಬಿರುಕು ತೋರಿಸುವ ಸ್ಲೈಡು, ಇನ್ನೊಂದು ಕಡೆ ಅದೇ ಊರಿನ ಇನ್ನೊಂದು ತುದಿಯಲ್ಲಿ, ಪೆರಂಬೂರಿನ ತಮ್ಮ ಮನೆಯಲ್ಲಿ ಕೂತ ಮಧ್ವರಾಜರು. ಮೂಲೆಯಲ್ಲಿ ನೋಡುತ್ತಿರುವವರ ಸಂಖ್ಯೆ ಮುನ್ನೂರು ದಾಟಿತ್ತು.

ಗಿಂಡಿಯಲ್ಲಿ ವೆಲ್ಡಿಂಗ್ ರಾಡ್ ತಯಾರಿಸುವ ಕಂಪನಿಯೊಂದರಲ್ಲಿ ಗಿರಾಕಿಗಳ ಫೋನಿಗೆ ಉತ್ತರ ಕೊಡುತ್ತಿದ್ದವಳು ಅವಳು. ಧ್ವನಿ ಚೆನ್ನಾಗಿದೆ ಎಂದು ಮಾರಾಟ ವಿಭಾಗದ ಶ್ರೀಕಾಂತ್ ಈ ವರ್ಷ ವೆಬಿನಾರ್ ನಡೆಸುವ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದ. ಅಂದಿನಿಂದ ಶನಿವಾರ ಬಂತೆಂದರೆ ಅವಳಿಗೆ ತಿಂಡಿ ಸೇರುತ್ತಿರಲಿಲ್ಲ. ನಮಸ್ಕಾರದಿಂದ ಹಿಡಿದು ಧನ್ಯವಾದದವರೆಗೆ ಪ್ರತಿಯೊಂದು ಮಾತನ್ನೂ ಬರೆದಿಟ್ಟುಕೊಂಡು ಓದುತ್ತಿದ್ದಳು. ಮಾತು ನಿಂತರೆ ಜನ ಹೋಗಿಬಿಡುತ್ತಾರೆ ಎಂಬುದು ಶ್ರೀಕಾಂತ್ ಕಲಿಸಿದ ಮೊದಲ ಪಾಠ. ಮೌನವಾದ ಕೂಡಲೇ ಮೂಲೆಯ ಸಂಖ್ಯೆ ಇಳಿಯುವುದನ್ನು ಅವಳೂ ಕಂಡಿದ್ದಳು.

ಚಾಟಿನಲ್ಲಿ ಸಾಲುಗಳು ಏರತೊಡಗಿದವು. ವಿಡಿಯೋ ಹ್ಯಾಂಗ್ ಆಗಿದೆ. ಸಾರ್ ಫ್ರೀಜ್ ಆಗಿದ್ದಾರೆ. ನೆಟ್‌ವರ್ಕ್ ನೋಡಿ. ಇಂಥ ಸಂದರ್ಭಕ್ಕೂ ಒಂದು ವಾಕ್ಯ ಬರೆದಿಟ್ಟಿದ್ದಳು. ಮೈಕ್ ಆನ್ ಮಾಡಿ, ಸಣ್ಣ ತಾಂತ್ರಿಕ ತೊಂದರೆ, ದಯವಿಟ್ಟು ಕಾಯಬೇಕು ಎಂದು ಇಂಗ್ಲಿಷಿನಲ್ಲಿ ಓದಿದಳು.

ಓದಿ ತಲೆಯೆತ್ತಿದಾಗ ಅವಳ ಕಣ್ಣಿಗೆ ಬಿದ್ದದ್ದು ಮಧ್ವರಾಜರ ಹಿಂದಿನ ಗೋಡೆಯ ಕ್ಯಾಲೆಂಡರು. ಫ್ಯಾನಿನ ಗಾಳಿಗೆ ಅದರ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.

ಚಿತ್ರ ನಿಂತಿರಲಿಲ್ಲ. ಮನುಷ್ಯ ನಿಂತಿದ್ದರು.

ಸುಮತಿ ಮುಖವನ್ನು ಪರದೆಗೆ ಹತ್ತಿರ ತಂದು ನೋಡಿದಳು. ಅವರ ಬಾಯಿಯ ಒಂದು ತುದಿ ಕೆಳಗೆ ಜಾರಿತ್ತು. ಅಲ್ಲಿಂದ ಜೊಲ್ಲು ಇಳಿದು ಇಸ್ತ್ರಿ ಮಾಡಿದ ಬಿಳಿ ಶರಟಿನ ಮೇಲೆ ಬೀಳುತ್ತಿತ್ತು. ಕಣ್ಣುಗಳು ಮಾತ್ರ ಅತ್ತಿತ್ತ ಓಡುತ್ತಿದ್ದವು.

ತನ್ನ ಮೊಬೈಲಿನಿಂದ ಅವರ ನಂಬರಿಗೆ ಫೋನ್ ಮಾಡಿದಳು. ಪರದೆಯೊಳಗೆ, ಅವರ ಕೈ ಪಕ್ಕದಲ್ಲೇ, ಫೋನು ಬೆಳಗಿ ಮೇಜಿನ ಮೇಲೆ ನಡುಗಿತು. ಅವರು ಅದನ್ನು ನೋಡಿದರು. ಕೈ ಏಳಲಿಲ್ಲ. ರಿಂಗಾಗುತ್ತಲೇ ಇತ್ತು, ಅವರು ನೋಡುತ್ತಲೇ ಇದ್ದರು.

ಎರಡು ದಿನದ ಹಿಂದೆ ರಿಹರ್ಸಲ್ ಮಾಡಿದಾಗ ಇದೇ ಮನುಷ್ಯ ಬಾಯ್ತುಂಬ ಮಾತಾಡಿದ್ದರು. ರೈಲು ಬೋಗಿಗಳ ಕಾರ್ಖಾನೆಯಲ್ಲಿ ಬೆಸುಗೆ ಕಲಿಸುತ್ತ ನಿವೃತ್ತರಾದವರು. ಇವಳ ಹೆಸರು, ಮಾತಿನ ಧಾಟಿ ಕೇಳಿ, "ನೀವು ಕನ್ನಡದವರಾ? ಎಂತ ಮಾರಾಯ್ರೆ, ಮೊದ್ಲೇ ಹೇಳ್ಬಾರ್ದಾ. ನಮ್ದು ಬ್ರಹ್ಮಾವರ" ಎಂದಿದ್ದರು. ಆಮೇಲೆ ದನಿ ತಗ್ಗಿಸಿ, "ಶನಿವಾರ ಹೆಂಡತಿಯನ್ನ ಮಾರ್ಕೆಟಿಗೆ ಕಳಿಸ್ತೇನೆ. ಅವಳು ಕೂತು ಕೇಳಿದ್ರೆ ನಂಗೆ ಮಾತೇ ಬರುದಿಲ್ಲ" ಎಂದು ನಕ್ಕಿದ್ದರು.

ಹಾಗಾದರೆ ಈಗ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಅವಳು ಆಂಬುಲೆನ್ಸಿನ ನಂಬರು ಒತ್ತಿದಳು. ಅತ್ತ ಕಡೆಯ ಹೆಂಗಸು ವಿಳಾಸ ಕೇಳಿದಳು. ಪೆರಂಬೂರು ಎಂದಳು ಸುಮತಿ. ಪೆರಂಬೂರಿನಲ್ಲಿ ಎಲ್ಲಿ, ಯಾವ ಬೀದಿ ಎಂದು ಆಕೆ ಮತ್ತೆ ಕೇಳಿದಳು. ಸುಮತಿಯ ಹತ್ತಿರ ಇದ್ದದ್ದು ಅವರ ಫೋನ್ ನಂಬರು ಮತ್ತು ಇಮೇಲ್ ಮಾತ್ರ. ಮುನ್ನೂರು ಜನ ನೋಡುತ್ತಿರುವ ಮನುಷ್ಯ ಎಲ್ಲಿ ಕೂತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಶ್ರೀಕಾಂತನ ಫೋನು ಬಂತು. ಮುದುಕರನ್ನು ಪರದೆಯಿಂದ ತೆಗಿ, ಕಂಪನಿಯ ವಿಡಿಯೋ ಹಾಕು, ಜನ ಹೊರಟರೆ ಮತ್ತೆ ಬರುವುದಿಲ್ಲ ಎಂದು ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿದ.

"ಸಾರ್, ಅವರಿಗೆ ಸ್ಟ್ರೋಕ್ ಆಗಿದೆ" ಎಂದಳು ಸುಮತಿ.

ಹಾಗಾದರೆ ಇನ್ನೂ ಬೇಗ ತೆಗಿ, ಇದೆಲ್ಲ ಲೈವಿನಲ್ಲಿ ಕಾಣಬಾರದು ಎಂದ.

ಅವಳು ಮಧ್ವರಾಜರ ಚಿತ್ರವನ್ನು ನೋಡುಗರಿಂದ ಮರೆಮಾಡಿ ಸ್ಲೈಡು ಮಾತ್ರ ಉಳಿಸಿದಳು. ಆ ಜೊಲ್ಲು, ಆ ಕಣ್ಣು ಈಗ ಅವಳೊಬ್ಬಳಿಗೇ ಕಾಣುತ್ತಿದ್ದವು. ಅದರಿಂದ ಅವಳ ಭಯ ಇನ್ನೂ ಹೆಚ್ಚಾಯಿತು. ಕಂಪನಿಯ ವಿಡಿಯೋದ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಿದರೆ ಜನರಿಗೆ ತಾನು ಕೇಳಿಸುವುದಿಲ್ಲ ಎಂದು ಹೊಳೆಯಿತು. ಶ್ರೀಕಾಂತ್ ಇನ್ನೂ ಮಾತಾಡುತ್ತಿದ್ದ. "ಈಗ ಆಗಲ್ಲ ಸಾರ್" ಎಂದು ಫೋನಿಟ್ಟಳು.

ಮೈಕಿನಲ್ಲಿ ಅವಳ ದನಿ ಅವಳದೇ ಅಲ್ಲವೆಂಬಂತೆ ಹೊರಟಿತು. ಬರೆದಿಟ್ಟ ವಾಕ್ಯ ಯಾವುದೂ ಇರಲಿಲ್ಲ. ತಮಿಳಿನಲ್ಲಿ, ತಡವರಿಸುತ್ತ ಹೇಳಿದಳು: ಇದು ನೆಟ್‌ವರ್ಕ್ ತೊಂದರೆ ಅಲ್ಲ. ಮಧ್ವರಾಜ್ ಸಾರ್‌ಗೆ ತುಂಬ ಹುಷಾರಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಪೆರಂಬೂರಿನ ಅವರ ಮನೆ ಗೊತ್ತಿದ್ದರೆ ದಯವಿಟ್ಟು ಹೇಳಿ.

ಚಾಟು ತುಂಬಿಹೋಯಿತು. ಅಯ್ಯೋ ಸಾರ್. ಏನಾಯ್ತು. ನನ್ನ ಗುರುಗಳು. ನೀರು ಕೊಡಬೇಡಿ. ಓದಿ ಮುಗಿಸುವ ಮೊದಲೇ ಸಾಲುಗಳು ಮೇಲೆ ಸರಿದು ಹೋಗುತ್ತಿದ್ದವು. ಆ ನಡುವೆ ಬಾಬು ಎಂಬ ಹೆಸರಿನ ಪಕ್ಕದಲ್ಲಿ ಕೈಯೆತ್ತಿದ ಗುರುತು ಕಂಡಿತು. ಮಾತಾಡಲು ಬಿಟ್ಟಳು.

"ಮೇಡಂ, ವೀಡು ತೆರಿಯುಂ" ಎಂದಿತು ಒಂದು ಒರಟು ದನಿ. ಮನೆ ಗೊತ್ತು. ಅವರ ಕೈಕೆಳಗೆ ಕೆಲಸ ಕಲಿತವನು. ಆಗಲೇ ಬೈಕಿನ ಸದ್ದು ಕೇಳಿಸುತ್ತಿತ್ತು. ಬಾಬು ಹೇಳಿದ ಬೀದಿಯ ಹೆಸರನ್ನು ಸುಮತಿ ಆಂಬುಲೆನ್ಸಿನವರಿಗೆ ಮತ್ತೆ ಫೋನ್ ಮಾಡಿ ದಾಟಿಸಿದಳು.

ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಮಧ್ವರಾಜರ ರೆಪ್ಪೆ ಭಾರವಾಗುತ್ತಿತ್ತು.

"ಸಾರ್" ಎಂದಳು ಕನ್ನಡದಲ್ಲಿ. "ಸಾರ್, ಕಣ್ಣು ಮುಚ್ಬೇಡಿ. ಬಾಬು ಬರ್ತಿದ್ದಾರೆ. ಸೀಕ್ರಂ, ಬೇಗ ಬಂದ್ಬಿಡ್ತಾರೆ."

ಕಣ್ಣುಗಳು ಅವಳತ್ತ ತಿರುಗಿದವು. ಅವಳು ಹೇಳಿದ್ದು ಅವರಿಗೆ ಮುಟ್ಟಿತ್ತು.

"ನಂಗೂ ಭಯ ಆಗ್ತಿದೆ ಸಾರ್. ಏನ್ ಮಾತಾಡ್ಬೇಕು ಅಂತ ಗೊತ್ತಾಗ್ತಿಲ್ಲ. ಎಲ್ಲಾ ಬರ್ಕೊಂಡು ಓದೋಳು ನಾನು. ನೀವು ಸುಮ್ನೆ ನನ್ನ ನೋಡ್ತಾ ಇರಿ. ನಾನು ಎಲ್ಲೂ ಹೋಗಲ್ಲ. ಬ್ರಹ್ಮಾವರಕ್ಕೆ ನಾನು ಬಂದೇ ಇಲ್ಲ ಸಾರ್. ನಮ್ಮಪ್ಪಂದು ಮೈಸೂರು ಕಡೆ, ಬ್ಯಾಂಕಿಗೆ ಅಂತ ಈ ಊರಿಗೆ ಬಂದ್ರು..."

ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಲೇ ಹೋದಳು. ತನ್ನ ಮೈಕು ಎಲ್ಲರಿಗೂ ಕೇಳಿಸುತ್ತಿದೆಯೆಂಬುದು ಅವಳಿಗೆ ನೆನಪಿರಲಿಲ್ಲ. ಚಾಟು ಯಾವಾಗ ನಿಂತಿತೋ ನೋಡಲಿಲ್ಲ.

ಪೆರಂಬೂರಿನ ಮನೆಯಲ್ಲಿ ಕರೆಗಂಟೆ ಮೊಳಗಿತು. ಬಾಗಿಲು ಬಡಿಯುವ ಸದ್ದೂ ಕೇಳಿಸಿತು. ಹೆಂಡತಿ ಹೊರಗೆ ಹೋಗುವಾಗ ಬಾಗಿಲು ಎಳೆದುಕೊಂಡಿದ್ದರು. ಎಳೆದರೆ ತಾನೇ ಬೀಳುವ ಬೀಗ.

ಮಧ್ವರಾಜರು ಬಾಗಿಲ ಕಡೆ ನೋಡಿದರು. ಇನ್ನೊಂದು ಕೈ ಮೇಜಿನ ಅಂಚು ಹಿಡಿಯಿತು.

"ಬೇಡ ಸಾರ್. ಏಳ್ಬೇಡಿ. ಕೂತ್ಕೊಳ್ಳಿ ಸಾರ್, ಅವರೇ ಒಳಗೆ ಬರ್ತಾರೆ."

ಬಂದವರಿಗೆ ಬಾಗಿಲು ತೆರೆಯಲು ಎದ್ದರು. ಅರ್ಧ ಎದ್ದವರು ಪಕ್ಕಕ್ಕೆ ವಾಲಿ ಪರದೆಯಿಂದ ಮರೆಯಾದರು. ಏನೋ ಉರುಳಿದ ಸದ್ದಾಯಿತು. ಆಮೇಲೆ ಖಾಲಿ ಕುರ್ಚಿ ಮಾತ್ರ.

ಸುಮತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವರ ಉಸಿರು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟಳು. ಕೇಳಿಸಲಿಲ್ಲ. ಬಾಗಿಲಿಗೆ ಯಾರೋ ಮೈಯೊಡ್ಡಿ ಗುದ್ದುತ್ತಿದ್ದರು. ಒಂದು ಸಲ, ಮತ್ತೊಂದು ಸಲ. ಮರ ಸೀಳಿತು.

"ಕಂಪ್ಯೂಟರ್ ಇರೋ ರೂಮು" ಎಂದು ತಮಿಳಿನಲ್ಲಿ ಕೂಗಿದಳು. "ಮೇಜಿನ ಪಕ್ಕ ಬಿದ್ದಿದ್ದಾರೆ."

ಖಾಕಿ ಅಂಗಿಯ ದಪ್ಪ ಮನುಷ್ಯನೊಬ್ಬ ಪರದೆಯೊಳಗೆ ನುಗ್ಗಿ ಬಗ್ಗಿದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಅವನು ಏಳಲಿಲ್ಲ.

"ಮೂಚ್ಚಿರುಕ್ಕು ಮೇಡಂ" ಎಂದ ಬಾಬು ಕೊನೆಗೆ, ಅದೇ ಒರಟು ದನಿಯಲ್ಲಿ. ಉಸಿರಾಡುತ್ತಿದ್ದಾರೆ.

ಆಂಬುಲೆನ್ಸು ಬಂತು. ಬಿಳಿ ಶರಟು, ನೀಲಿ ಚೌಕುಳಿಯ ಲುಂಗಿ ಉಟ್ಟ ಮಧ್ವರಾಜರನ್ನು ಸ್ಟ್ರೆಚರಿನಲ್ಲಿ ಎತ್ತಿದರು. ಬಾಬು ಅವರ ಹೆಂಡತಿಗೆ ಫೋನ್ ಮಾಡಿದರೆ ಅದು ಅಡುಗೆಮನೆಯಲ್ಲೇ ರಿಂಗಾಯಿತು. ಹೇಳಿಹೋಗೋಣವೆಂದರೆ ಮೇಲಿನ ಮನೆಗೂ ಬೀಗ ಬಿದ್ದಿತ್ತು. ಆತ ಲ್ಯಾಪ್‌ಟಾಪಿನತ್ತ ಬಗ್ಗಿ, ರೈಲ್ವೆ ಆಸ್ಪತ್ರೆಗೆ ಹೋಗುತ್ತೇವೆ, ಅಮ್ಮ ಬಂದರೆ ನೀವೇ ಹೇಳಿಬಿಡಿ ಎಂದು ಅವಳ ನಂಬರು ಪಡೆದುಕೊಂಡು ಓಡಿದ.

ಸುಮತಿ ನೋಡುಗರಿಗೆ ಅಷ್ಟನ್ನು ಹೇಳಿ ಪ್ರಸಾರ ನಿಲ್ಲಿಸಿದಳು. ಆಗ ಸಂಖ್ಯೆ ಕಣ್ಣಿಗೆ ಬಿತ್ತು. ಯಾರೂ ಹೋಗಿರಲಿಲ್ಲ. ಪೆರಂಬೂರಿನ ಕೋಣೆಯ ಸಂಪರ್ಕವನ್ನು ಮಾತ್ರ ಅವಳು ಕಡಿಯಲಿಲ್ಲ. ಬಾಗಿಲು ಮುರಿದ, ಯಾರೂ ಇಲ್ಲದ ಆ ಮನೆಯನ್ನು ವೇಲಚೇರಿಯಿಂದ ಕಾಯುತ್ತ ಕೂತಳು. ಈವರೆಗಿನದಕ್ಕಿಂತ ಇದೇ ಕಠಿಣವೆನಿಸಿತು. ಶ್ರೀಕಾಂತ್ ಮತ್ತೆ ಮತ್ತೆ ಫೋನ್ ಮಾಡಿದ. ಎತ್ತಲಿಲ್ಲ. ಬಾಬುವಿನ ಕರೆ ಎತ್ತಿದಳು. ಒಳಗೆ ಕರೆದುಕೊಂಡು ಹೋದರು, ಹೊತ್ತು ಮೀರುವ ಮೊದಲೇ ತಂದಿರಿ ಎಂದರು ಡಾಕ್ಟರು, ಆದರೆ ಮಾತು ಇನ್ನೂ ಬಂದಿಲ್ಲ ಎಂದ.

"ಇದೆಂತ, ಬಾಗಿಲು ಯಾಕೆ ಹೀಗಾಗಿದೆ?" ಎಂದು ಆ ಮನೆಯಿಂದ ಒಂದು ಹೆಣ್ಣುದನಿ ಕೇಳಿಸಿತು. "ಕೇಳ್ತಾ? ಎಲ್ಲಿದ್ದೀರಿ?"

ಸುಮತಿ ಪರದೆಗೆ ಹತ್ತಿರ ಬಗ್ಗಿದಳು. "ಅಮ್ಮಾ, ಇಲ್ಲಿ. ಕಂಪ್ಯೂಟರಿನಲ್ಲಿ."

ಮಧ್ವರಾಜರ ಹೆಂಡತಿ ಜಲಜಾಕ್ಷಿ ಚೀಲ ಹಿಡಿದುಕೊಂಡೇ ಬಂದು ಪರದೆಗೆ ಬಗ್ಗಿದರು. ಸುಮತಿ ಎಲ್ಲವನ್ನೂ ಹೇಳಿದಳು. ಬದುಕಿದ್ದಾರೆ ಎಂಬುದನ್ನು ಮೊದಲೇ ಹೇಳಿದಳು. ಆಕೆ ಅಳಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ನಾನು ಹೋಗುದಿಲ್ಲ ಅಂತ ಹೇಳಿದ್ದೆ. ಇವ್ರೇ ಕಳಿಸಿದ್ದು" ಎಂದರು. ಚೀಲವನ್ನು ಕೆಳಗಿಟ್ಟು, "ಲುಂಗಿಯಲ್ಲೇ ಹೋದ್ರಾ?" ಎಂದು ಕೇಳಿದರು.

"ಹೂಂ ಅಮ್ಮ."

"ಹಾಗೆಲ್ಲ ಹೊರಗೆ ಹೋದವರೇ ಅಲ್ಲ."

ಆಕೆ ಒಳಗೆ ಹೋಗಿ ಒಂದು ಕಪ್ಪು ಪ್ಯಾಂಟು ತಂದರು. ಮೇಜಿನ ಮೇಲಿದ್ದ ಕಾಗದಗಳನ್ನು ಬದಿಗೆ ಸರಿಸಿ ಅದನ್ನು ಹರಡಿದರು. ಇಸ್ತ್ರಿಯ ಗೆರೆ ಹಿಡಿದು ಎರಡೂ ಕಾಲುಗಳನ್ನು ಕೂಡಿಸಿ, ಅಂಗೈಯಿಂದ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೀವಿ, ಮಡಚಿದರು. ಸರಿಯಾಗಲಿಲ್ಲವೆಂದು ಬಿಡಿಸಿದರು. ಮತ್ತೆ ಗೆರೆ ಹುಡುಕಿ ಮಡಚತೊಡಗಿದರು.