ಬಾಯಾರಿದ ಟೊಂಗೆ

ಟಪ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಟಪ್.

ಗೋಡೆಗೆ ಒರಗಿ ತೂಕಡಿಸುತ್ತಿದ್ದ ಶೀತಲ್ ಬೆಚ್ಚಿ ಕಣ್ಣು ತೆರೆದಳು. ನಳ ಸರಿಯಾಗಿ ತಿರುವಿಲ್ಲವೇನೋ ಎಂಬುದೇ ಅವಳ ಮೊದಲ ಚಿಂತೆ. ಎದುರಿಗೆ ದೊಡ್ಡವ್ವ ಶಿವಗಂಗವ್ವನ ದೇಹವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ, ನಿದ್ದೆ ಹತ್ತಿದವಳಂತೆ ತುಸು ವಾಲಿದ ಕತ್ತು. ಧಾರವಾಡದ ನೆಂಟರು ಬಂದು ಮುಟ್ಟದೆ ಮಣ್ಣು ಮಾಡುವಂತಿರಲಿಲ್ಲ. ಭಜನೆಯವರು ಚಹಾಕ್ಕೆಂದು ಹೊರಗೆ ಹೋಗಿದ್ದರು. ಕಿಟಕಿಯ ಹತ್ತಿರ ದೊಡ್ಡಪ್ಪ ಈರಣ್ಣ ತಂಬಿಗೆ ಹಿಡಿದು ನಿಂತಿದ್ದ. ಬೆರಳು ಅದ್ದಿ, ಅಲ್ಲಿ ಒಣಗಲು ಇಟ್ಟಿದ್ದ ಗೇಣುದ್ದದ ಟೊಂಗೆಯ ಮೇಲೆ ಹನಿ ಬಿಡುತ್ತಿದ್ದ.

ಆ ಟೊಂಗೆಯನ್ನು ಒಣಗಿಸಿ, ಕೆಲಸದಲ್ಲಿ ದೊಡ್ಡವ್ವನ ಜಾಗಕ್ಕೆ ಬಂದಿದ್ದ ಹರ್ಷದಾಳಿಗೆ ಒಪ್ಪಿಸಬೇಕಿತ್ತು. ಬೇಡ ಎನ್ನಲು ಶೀತಲ್ ಬಾಯಿ ತೆರೆದಳು. ಅವನ ಬೆನ್ನು ನೋಡಿ ಮತ್ತೆ ಗೋಡೆಗೆ ಒರಗಿದಳು.

*

ಶಿವಗಂಗವ್ವ ದುಡಿದದ್ದು ಕಾಡಿನಿಂದ ತಂದ ಗಿಡ, ಅಣಬೆಗಳನ್ನು ಒಣಗಿಸಿ ಹೆಸರು ಬರೆದು ಕಾಪಾಡುವ ಹರ್ಬೇರಿಯಂ ಒಂದರಲ್ಲಿ. ಅವಳ ಪಾಲಿಗೆ ಬಂದದ್ದು ಲೋಳೆ ಅಣಬೆಗಳು. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನ ಕೊಳೆತ ಟೊಂಗೆಗಳ ಮೇಲೆ ಅವು ಜೇನಿನ ಬಣ್ಣದ ಕಿವಿಗಳಂತೆ ನಡುಗುತ್ತಿದ್ದವು. ಯೆರವಡಾದ ಮನೆಯ ಕಿಟಕಿಯಲ್ಲಿ ಒಣಗಿದರೆ ಹಳೆಯ ಅಂಟಿನ ಕಲೆಯಷ್ಟೇ ಉಳಿಯುತ್ತಿತ್ತು. ಚಿಕ್ಕಂದಿನಲ್ಲಿ ಶೀತಲ್ ಅದು ಸತ್ತೇಹೋಯಿತೆಂದು ಅತ್ತಾಗ ದೊಡ್ಡವ್ವ ಕಲೆಯ ಮೇಲೆ ನೀರು ಚಿಮುಕಿಸಿದ್ದಳು.

"ಸತ್ತಿಲ್ಲವ್ವಾ. ಬಾಯಾರೇದ, ಅಷ್ಟ."

ಊಟದ ಹೊತ್ತಿಗೆ ಕಲೆ ಉಬ್ಬಿ ಮತ್ತೆ ಕಿವಿಯಾಗಿತ್ತು.

"ಇದಕ್ಕ ಹನಿ ಹನಿ ನೀರು ಕುಡಸ್ತಿ," ಈರಣ್ಣ ಕೆಣಕಿದ್ದ. "ನಾ ಒಂದು ತಂಬಗಿ ಕೇಳಿದ್ರ, ಎದ್ದು ತಗೋರಿ ಅಂತಿ."

"ನಿಮಗ ಕಾಲು ಅದಾವಲ್ರಿ."

ಮನೆತುಂಬ ಕೊಳೆತ ಕಟ್ಟಿಗೆ ಎಂದು ಗೊಣಗುತ್ತಲೇ ಅವನು ಮುದುಕನಾದ. ಒಂದನ್ನೂ ಕೈಯಿಂದ ಮುಟ್ಟಲಿಲ್ಲ.

ಈ ಕೊನೆಯ ಟೊಂಗೆಯ ಮೇಲಿದ್ದದ್ದು ಅವಳು ಆಯುಷ್ಯವೆಲ್ಲ ಹುಡುಕಿದ್ದ ಜಾತಿ. ಹರ್ಬೇರಿಯಂನಲ್ಲೂ ಅದು ಇರಲಿಲ್ಲ. ಆಸ್ಪತ್ರೆಗೆ ಹೊರಟಾಗ ಬಾಗಿಲಲ್ಲಿ ನಿಂತು ಶೀತಲ್‌ಳಿಂದ ಮಾತು ತೆಗೆದುಕೊಂಡಿದ್ದಳು: ಟೊಂಗೆಯನ್ನು ತನ್ನ ಜಾಗಕ್ಕೆ ಬಂದ ಹರ್ಷದಾಳ ಕೈಗೇ ಕೊಡಬೇಕು. ಈರಣ್ಣ ರಿಕ್ಷಾದ ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡಿದ್ದ.

*

ಬೆಳಕು ಹರಿದಾಗ ಟೊಂಗೆಯ ಮೇಲೆ ಪುಟ್ಟ ಕಿವಿಗಳು ಎದ್ದಿದ್ದವು. ಯಾರೋ ಹಾದುಹೋದರೂ ಸಾಕು, ಅಲುಗುತ್ತಿದ್ದವು.

ಮುತ್ತೈದೆಯಾಗಿ ಹೋದವಳೆಂದು ಹೆಂಗಸರು ಹಸಿರು ಸೀರೆ ಉಡಿಸಿ ಉಡಿ ತುಂಬತೊಡಗಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು. ಅವರ ನಡುವೆ ದಾರಿ ಮಾಡಿಕೊಂಡು ಬಂದ ಈರಣ್ಣ, ಬಗ್ಗಿ, ಟೊಂಗೆಯನ್ನು ಅಕ್ಕಿಯ ಮೇಲೆ ಮಲಗಿಸಿದ.

ನೆರೆಮನೆಯ ರುಕ್ಮಿಣಮ್ಮನ ಕೈ ನಿಂತಿತು. "ಗಂಡಸರು ಉಡಿ ತುಂಬೂದು ಎಲ್ಲಿ ಕಂಡೀವ್ರಿ, ಈರಣ್ಣಾರ?"

"ಕಂಡಿಲ್ಲಂದ್ರ ಈಗ ಕಾಣ್ರಿ."

ಹಾಗೆಂದವನು ಶೀತಲ್ ಕಡೆ ತಿರುಗಿದ. ಡಬ್ಬಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದ ಮಗುವಿನಂಥ ಮುಖ. ಹರ್ಷದಾ ಆಗಲೇ ಹೊರಗೆ ಚಪ್ಪಲಿ ಬಿಡುತ್ತಿದ್ದಳು. ಶೀತಲ್ ಮುಂದೆ ಬಂದಳು. ಟೊಂಗೆ ಕಾಣದಂತೆ ದೊಡ್ಡವ್ವನ ಸೆರಗನ್ನು ಎಳೆದು ಉಡಿಯ ಮೇಲೆ ಮುಚ್ಚಿದಳು. ಟೊಂಗೆಯ ತೇವ ಸೆರಗಿನಲ್ಲಿ ನಿಧಾನವಾಗಿ ಹರಡಿತು.

ರುದ್ರಭೂಮಿಯಲ್ಲಿ ಉಪ್ಪು, ವಿಭೂತಿ, ಪತ್ರಿ ಹಾಕಿ ಮಣ್ಣು ಎಳೆದರು. ಜನ ಕೈಕಾಲು ತೊಳೆಯಲು ಹೋದಾಗ ಹರ್ಷದಾ ಹತ್ತಿರ ಬಂದಳು. ಚೀಲದಲ್ಲಿ ಕಾಗದದ ಲಕೋಟೆಯೊಂದನ್ನು ಮಡಚಿ ತಂದಿದ್ದಳು. ಇವತ್ತು ಕೇಳಬಾರದು ಎಂದು ಮರಾಠಿಯಲ್ಲಿ ಹಿಂಜರಿಯುತ್ತಲೇ, ಆ ಟೊಂಗೆ ಎಲ್ಲಿದೆ ಎಂದು ಕೇಳಿದಳು.

ಶೀತಲ್ ಅವಳ ಹೆಗಲಾಚೆ ನೋಡಿದಳು. ಎಲ್ಲರೂ ಬಿಟ್ಟುಹೋದ ಗುಡ್ಡೆಯ ಬಳಿ ದೊಡ್ಡಪ್ಪ ಒಬ್ಬನೇ ಕುಕ್ಕರುಗಾಲಲ್ಲಿ ಕುಳಿತಿದ್ದ.

ಸಿಗಲಿಲ್ಲ ಎಂದಳು. ಇವಳಿಗಷ್ಟೇ ಅಲ್ಲ, ಇನ್ನು ಯಾರಿಗೂ ಇದನ್ನು ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿಕೊಳ್ಳುತ್ತಿದ್ದಾಗ, ಅಲ್ಲಿ ಈರಣ್ಣ ತಂಬಿಗೆಯಲ್ಲಿ ಬೆರಳು ಅದ್ದಿ, ಹೊಸ ಮಣ್ಣಿನ ಮೇಲೆ ಒಂದೊಂದೇ ಹನಿ ಬಿಡುತ್ತಿದ್ದ.